ಮರುಭೂಮಿಯ ಒರತೆಯ ನೀರು ಯಾವ ಬೆಟ್ಟದ್ದೆಂದು ತಿಳಿಯಲು ಬೆಟ್ಟದ ನೀರಿಗೆ ಬಣ್ಣ ಸುರಿದು ನೋಡಬೇಕೋ, ಐಸೊಟೋಪ್‌ಗಳ (ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳ) ಪರೀಕ್ಷೆ ಸಾಕೋ ಎಂದು ಕೇಳಿದ್ದೀರಿ.

ಇದೇ ಪ್ರಶ್ನೆಯನ್ನು ಹೊತ್ತು, ವಿದ್ಯಾರ್ಥಿಯಾಗಿದ್ದಾಗ ನಾನು ನೆವಾಡಾದ ಆ್ಯಶ್ ಮೆಡೋಸ್‌ಗೆ ಹೋಗಿದ್ದೆ. ಡೆತ್ ವ್ಯಾಲಿಯ ಪೂರ್ವಕ್ಕಿರುವ ಆ ಒಣನೆಲದಲ್ಲಿ ಸುಮಾರು 16 ಕಿಲೋಮೀಟರ್ ಉದ್ದಕ್ಕೆ ಸಾಲುಗಟ್ಟಿ ಒರತೆಗಳು ಉಕ್ಕುತ್ತವೆ; ಸುಣ್ಣಕಲ್ಲಿನ ಬಿರುಕುಗಳಲ್ಲಿ ಹರಿದುಬರುವ ನೀರನ್ನು ಅಲ್ಲಿ ಸ್ತರಭಂಗವೊಂದು (ನೆಲದಡಿಯ ಬಂಡೆ ಸೀಳಿ ಸರಿದ ಜಾಗ) ಅಡ್ಡಗಟ್ಟಿ ಮೇಲಕ್ಕೆ ತಳ್ಳುತ್ತದೆ. ಅದು 3,632 ಮೀಟರ್ ಎತ್ತರದ ಶಿಖರವಿರುವ ಸ್ಪ್ರಿಂಗ್ ಮೌಂಟನ್ಸ್‌ನ ಹಿಮ ಕರಗಿದ ನೀರೇ ಎಂಬುದನ್ನು ನಾನು ಪರಿಶೀಲಿಸಬೇಕಿತ್ತು.

ನಾನು ಎಡವಿದ್ದು ಒಂದು ಸಣ್ಣ ಒರತೆಯಲ್ಲಿ. ಅದರ ಬಾಯಿ ಜೊಂಡಿನೊಳಗೆ ಮುಚ್ಚಿಹೋಗಿತ್ತು. ನಡುಮಧ್ಯಾಹ್ನದ ಬಿಸಿಲಿಗೆ ಬೇಸತ್ತು, ಕೊಳದಂಚಿನಲ್ಲಿ ನಿಂತಿದ್ದ ತೆಳುನೀರಿನಿಂದಲೇ ಸೀಸೆಗಳನ್ನು ತುಂಬಿಸಿದೆ. ನಿಂತ ನೀರು ಆವಿಯಾಗುವಾಗ ಹಗುರ ಅಣುಗಳು ಮೊದಲು ಹಾರಿಹೋಗಿ, ಉಳಿದ ನೀರಿನಲ್ಲಿ ಭಾರವಾದ ಐಸೊಟೋಪ್‌ಗಳಾದ ಆಕ್ಸಿಜನ್-18 ಮತ್ತು ಡ್ಯೂಟೀರಿಯಂಗಳ (ಭಾರ ಹೈಡ್ರೋಜನ್) ಪಾಲು ಹೆಚ್ಚುತ್ತದೆ. ತಗ್ಗುನೆಲದ ಮಳೆಯೂ ಬೆಟ್ಟದ ಹಿಮಕ್ಕಿಂತ ಹಾಗೆಯೇ ಭಾರ. ಪ್ರಯೋಗಾಲಯದ ಅಂಕಿಗಳನ್ನು ಕಂಡ ನಾನು, ಈ ಒರತೆಗೆ ಕಣಿವೆಯ ಮಳೆಯೇ ಮೂಲವೆಂದು ಒಂದು ಇಡೀ ಅಧ್ಯಾಯ ಬರೆದುಬಿಟ್ಟೆ. ಮಾರ್ಗದರ್ಶಕರು ಆಕ್ಸಿಜನ್-18, ಡ್ಯೂಟೀರಿಯಂ ಎರಡರ ಅಂಕಿಗಳನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿ ತೋರಿಸಿದರು: ಮಳೆನೀರಿನ ರೇಖೆಯ ಇಳಿಜಾರು 8, ನನ್ನ ಬಿಂದುಗಳದು 5ರ ಆಸುಪಾಸು; ಅದು ಆವಿಯಾದ ನೀರಿನ ಗುರುತು. ನಾನು ಅಳೆದದ್ದು ಕೊಳದಂಚಿನ ಬಿಸಿಲನ್ನು. ಅಂಚಿನ ಮತ್ತು ಬಾಯಿಯ ನೀರಿನ ಉಷ್ಣತೆ, ವಿದ್ಯುತ್‌ವಾಹಕತೆಗಳನ್ನು ಹೋಲಿಸಿದ್ದರೆ ಐದೇ ನಿಮಿಷದಲ್ಲಿ ತಿಳಿಯುತ್ತಿತ್ತು. ಆ ಮೀಟರ್ ನನ್ನ ಚೀಲದಲ್ಲೇ ಇತ್ತು. ಒಂದು ಸೆಮಿಸ್ಟರ್ ನಷ್ಟವಾಯಿತು.

ಆದ್ದರಿಂದ ಕೊಳವೆಯನ್ನು ಒರತೆಯ ಬಾಯೊಳಗೆ ಇಳಿಸಿ ನೀರೆತ್ತಿ, ಗಾಳಿಗುಳ್ಳೆ ಉಳಿಯದಂತೆ ಸೀಸೆ ತುಂಬಿ, ಬಿಗಿಯಾಗಿ ಮುಚ್ಚಿರಿ. ಬಣ್ಣದ ಮಾತು ಬಿಡಿ. ಸಾವಿರಾರು ವರ್ಷ ನೆಲದಡಿ ನಡೆದು ಬರುವ ನೀರಿಗೆ ಇಂದು ಬಣ್ಣ ಸುರಿದು ಯಾರು ಕಾಯುತ್ತೀರಿ? ನೀರಿನ ವಯಸ್ಸು ತಿಳಿಯಲು ಕಾರ್ಬನ್-14 (ಕಾಲ ಕಳೆದಂತೆ ಕ್ಷಯಿಸುವ ಇಂಗಾಲ) ಅಳೆಸುವುದಾದರೆ, ಸುಣ್ಣಕಲ್ಲಿನಿಂದ ಕರಗಿ ಸೇರುವ ಹಳೆಯ ಇಂಗಾಲವು ನೀರಿನ ವಯಸ್ಸನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

ಇನ್ನು, "ಯಾವ ಬೆಟ್ಟ" ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲಾರೆ. ಆ್ಯಶ್ ಮೆಡೋಸ್‌ನ ಒಂದೇ ಸಾಲಿನಲ್ಲಿದ್ದರೂ ಕ್ರಿಸ್ಟಲ್ ಪೂಲ್‌ನ ನೀರಿನಲ್ಲಿ ಕಾರ್ಬನ್-14 ನೆರೆಯ ಒರತೆಗಳಿಗಿಂತ ಸುಮಾರು ಐದು ಪಟ್ಟು ಹೆಚ್ಚಿರುವುದನ್ನು ಅಂತರ್ಜಲ ವಿಜ್ಞಾನಿಗಳಾದ ವಿನೊಗ್ರಾಡ್ ಮತ್ತು ಪಿಯರ್ಸನ್ 1976ರಲ್ಲೇ ಪ್ರಕಟಿಸಿದ್ದರು. ಒಂದೇ ಕಲ್ಲಿನೊಳಗೂ ನೀರಿಗೆ ಬೇರೆ ಬೇರೆ ದಾರಿಗಳಿರುವಾಗ, ಒಂದು ಒರತೆಯ ಒಂದು ಸೀಸೆಯಿಂದ ಬೆಟ್ಟದ ಹೆಸರು ಹೇಳಲಾಗದು. ಸಾಲಿನ ಎಲ್ಲ ಒರತೆಗಳಿಂದಲೂ, ಬೆಟ್ಟದ ಹಿಮದಿಂದಲೂ ಮಾದರಿ ತನ್ನಿರಿ.