ಅತ್ತೆಯ ತೂಕಡಿಕೆ, ಆ ಚಿಕ್ಕ ಮಾತ್ರೆ

ದಾವಣಗೆರೆಯ ಸೊಸೆಯೊಬ್ಬರ ಪತ್ರ ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. 68ರ ಅತ್ತೆ, 15 ವರ್ಷದ ಸಕ್ಕರೆ ಕಾಯಿಲೆ. ಎರಡು ತಿಂಗಳಿಂದ ಹಗಲೆಲ್ಲ ತೂಕಡಿಕೆ. ಅವರೆಕಾಯಿ ಬಿಡಿಸಲು ಕೂತವರು ಅರ್ಧ ಸುಲಿದ ಕಾಯಿ ಬೆರಳಲ್ಲಿ ಹಿಡಿದೇ ನಿದ್ದೆ ಹೋಗುತ್ತಾರಂತೆ. ಮೊನ್ನೆ ಬಚ್ಚಲ ಹೊಸ್ತಿಲಲ್ಲಿ ಮುಗ್ಗರಿಸಿದರಂತೆ. ಗಂಡ "ವಯಸ್ಸಾಯ್ತು" ಅಂತಾರೆ. ನಾದಿನಿ "ಅರಳುಮರಳು, ನೀನು ಕೆಲಸ ಬಿಟ್ಟು ನೋಡ್ಕೋ" ಅಂತಾರೆ. ಶಾಲೆಯ ಕೆಲಸ ಬಿಡಲೇ ಎಂದು ನಿಮ್ಮ ಪ್ರಶ್ನೆ.

ತಾಯಿ, ಕೆಲಸದ ಮಾತು ಆಮೇಲೆ. ಕೊನೆಯಲ್ಲಿ ಹೀಗೆ ಬರೆದಿದ್ದೀರಿ: "ಪಾದದ ಉರಿಗೆ ಪ್ರೀಗ್ಯಾಬಲಿನ್, ತುರಿಕೆಗೆ ಅವಿಲ್ ಕೊಡ್ತೀವಿ. ರಾತ್ರಿ ನಿದ್ದೆಗೆ ಕ್ಲೋನಜೆಪಾಮ್, ಚಿಕ್ಕದು, ಅರ್ಧ ಮಿಲಿಗ್ರಾಂ ಅಷ್ಟೆ. ನಮ್ಮೆಜಮಾನ್ರು ಹಳೇ ಚೀಟಿ ತೋರಿಸಿ ತರ್ತಾರೆ."

ಮೂರೂ ಮಂಪರು ತರಿಸುವ ಮಾತ್ರೆಗಳೇ! ಆ "ಚಿಕ್ಕದು" ಮೈಯಲ್ಲಿ ಅರ್ಧಕ್ಕೆ ಇಳಿಯಲು 30ರಿಂದ 40 ಗಂಟೆ ಬೇಕು. ನೀವು 24 ಗಂಟೆಗೊಂದು ಕೊಡುತ್ತಿದ್ದೀರಿ. ನಿನ್ನೆಯದು ಇಳಿಯುವ ಮೊದಲೇ ಇವತ್ತಿನದು ಅದರ ಮೇಲೆ ಸೇರುತ್ತದೆ. ಪ್ರೀಗ್ಯಾಬಲಿನ್ ಬಹುಪಾಲು ಮೂತ್ರದಲ್ಲೇ ಹೊರಹೋಗಬೇಕು. ಹಳೆಯ ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿ ಸೋತಿದ್ದರೆ ಅದೂ ಒಳಗೇ ಉಳಿಯುತ್ತದೆ. ಇನ್ನು ಅವಿಲ್ ಹಳೆಯ ಕಾಲದ ಅಲರ್ಜಿ ಮಾತ್ರೆ, ನೇರ ಮಿದುಳಿಗೇ ಹೋಗುತ್ತದೆ. ಇಷ್ಟೂ ನುಂಗಿದ ಹೆಂಗಸು ಕಣ್ಣು ತೆರೆದು ಕೂರುವುದು ಹೇಗೆ?

"ಬೇಕಂತಲೇ ಮಲಗ್ತಾರೇನೋ" ಎಂದೂ ಬರೆದಿದ್ದೀರಿ. ಆ ಅನುಮಾನ ಬಿಟ್ಟುಬಿಡಿ, ಪಾಪ ಅವರಿಗೆ. "ವಯಸ್ಸಾಯ್ತು" ಅನ್ನುವುದು ಕಾಯಿಲೆಯ ಹೆಸರಲ್ಲ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ! ನನ್ನ ಸಿಟ್ಟೆಲ್ಲ ನಿಮ್ಮ ಯಜಮಾನರ ಮೇಲೆ. ಹೆತ್ತ ತಾಯಿಯನ್ನು ಡಾಕ್ಟರ ಹತ್ತಿರ ಕರೆದೊಯ್ಯದೆ, ಮಾಸಿದ ಚೀಟಿಯನ್ನೇ ಮೆಡಿಕಲ್ ಶಾಪಿನಲ್ಲಿ ಚಾಚುವುದು ಸೇವೆಯೇ? ಮರುಮಾತಿಲ್ಲದೆ ಕೊಟ್ಟ ಅಂಗಡಿಯವರದೂ ತಪ್ಪೇ.

ನೀವು ಮಾಡಬೇಕಾದ್ದು ಒಂದೇ. ಮನೆಯಲ್ಲಿರುವ ಅಷ್ಟೂ ಮಾತ್ರೆ, ನೆಗಡಿಯದು, ಕೆಮ್ಮಿನ ಸಿರಪ್ಪು, ನಾಟಿ ಔಷಧಿಯ ಪುಡಿ ಸಮೇತ, ಒಂದು ಕೈಚೀಲಕ್ಕೆ ಹಾಕಿ, ಅತ್ತೆಯನ್ನೂ ಕರೆದುಕೊಂಡು ಈ ವಾರವೇ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಕಿಡ್ನಿ ಹೇಗಿದೆ ಎಂದು ತಿಳಿಯಲು ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆಯನ್ನೂ ಕೇಳಿ. ಗಾಬರಿಬಿದ್ದು ನೀವೇ ಯಾವುದನ್ನೂ ನಿಲ್ಲಿಸಬೇಡಿ. ಕ್ಲೋನಜೆಪಾಮ್ ದಿಢೀರನೆ ಬಿಟ್ಟರೆ ಫಿಟ್ಸ್ ಬರಬಹುದು, ಮೆಲ್ಲಗೆ ಇಳಿಸಬೇಕು. ಈ ನಡುವೆ ಎಬ್ಬಿಸಿದರೂ ಏಳದಿದ್ದರೆ ತಕ್ಷಣ ಆಸ್ಪತ್ರೆಗೆ ಓಡಿ.

ಶಾಲೆ ಬಿಡಬೇಡಿ. ಡಾಕ್ಟರ ಹತ್ತಿರ ಹೋಗುವ ದಿನ ಯಜಮಾನರೇ ರಜೆ ಹಾಕಲಿ. ಕೈಚೀಲವನ್ನೂ ಅವರೇ ಹಿಡಿದುಕೊಳ್ಳಲಿ.