ಸರಾಸರಿಯಲ್ಲಿ ಭೂಮಿಗೆ ಯಾರು ಹತ್ತಿರ?

ಪ್ರಶ್ನೆ: ಭೂಮಿಗೆ ಅತಿ ಹತ್ತಿರದ ಗ್ರಹ ಶುಕ್ರ ಎಂದು ಓದಿದ್ದೇವೆ. ಸರಾಸರಿ ತೆಗೆದರೆ ಬುಧನೇ ಹತ್ತಿರ ಎನ್ನುತ್ತಾರಲ್ಲ, ಹೇಗೆ? ನಾವೇ ಲೆಕ್ಕ ಹಾಕಿ ನೋಡಬಹುದೇ?

ಉತ್ತರ: ಖಂಡಿತ. ಕ್ಯಾಲ್ಕುಲೇಟರ್ ಒಂದಿದ್ದರೆ ಸಾಕು. ಶುಕ್ರನಷ್ಟು ಸಮೀಪಕ್ಕೆ, ಅಂದರೆ ಸುಮಾರು 4 ಕೋಟಿ ಕಿ.ಮೀ.ವರೆಗೆ, ಬೇರಾವ ಗ್ರಹವೂ ಬರುವುದಿಲ್ಲ ನಿಜ. ಆದರೆ ಅದು ಸೂರ್ಯನ ಆಚೆ ಬದಿಗೆ ಹೋದಾಗ ಸುಮಾರು 26 ಕೋಟಿ ಕಿ.ಮೀ. ದೂರದಲ್ಲಿರುತ್ತದೆ.

ಸೂರ್ಯ–ಭೂಮಿ ದೂರವನ್ನು (14.96 ಕೋಟಿ ಕಿ.ಮೀ.) 1 ಎಂದಿಟ್ಟುಕೊಳ್ಳಿ. ಶುಕ್ರನ ಕಕ್ಷೆಯ ತ್ರಿಜ್ಯ 0.723. ಎರಡೂ ಕಕ್ಷೆಗಳು ಒಂದೇ ಸಮತಲದ ವೃತ್ತಗಳೆಂದು ಭಾವಿಸಿ. ಭೂಮಿಯನ್ನು ಒಂದೆಡೆ ನಿಲ್ಲಿಸಿ, ಶುಕ್ರನನ್ನು 30 ಡಿಗ್ರಿಗೊಮ್ಮೆ ಒಟ್ಟು 12 ಕಡೆ ಇಡಿ. ಪ್ರತಿ ಜಾಗಕ್ಕೂ ಎರಡು ತ್ರಿಜ್ಯಗಳ ವರ್ಗಗಳನ್ನು ಕೂಡಿ. ತ್ರಿಜ್ಯಗಳ ಗುಣಲಬ್ಧದ ಎರಡರಷ್ಟನ್ನು ಕೋನದ ಕೊಸೈನ್‌ನಿಂದ ಗುಣಿಸಿ, ಅದನ್ನು ಆ ಮೊತ್ತದಿಂದ ಕಳೆದು ವರ್ಗಮೂಲ ತೆಗೆಯಿರಿ. 0 ಡಿಗ್ರಿಗೆ 0.277, 30ಕ್ಕೆ 0.520, 60ಕ್ಕೆ 0.894, 90ಕ್ಕೆ 1.234, 120ಕ್ಕೆ 1.499, 150ಕ್ಕೆ 1.666, 180ಕ್ಕೆ 1.723 ಬರುತ್ತದೆ. ಮೊದಲ ಮತ್ತು ಕೊನೆಯ ಬೆಲೆಯನ್ನು ಒಂದು ಸಲ, ಉಳಿದವನ್ನು ಎರಡೆರಡು ಸಲ ಕೂಡಿದರೆ 13.626. ಹನ್ನೆರಡರಿಂದ ಭಾಗಿಸಿದರೆ ಸುಮಾರು 1.14. ಇದೇ ಕ್ರಮದಲ್ಲಿ ಬುಧನಿಗೆ (0.387) 1.04, ಮಂಗಳನಿಗೆ (1.524) 1.69 ಸಿಗುತ್ತದೆ. ಗೆದ್ದವನು ಬುಧ. 90 ಡಿಗ್ರಿಗೇ ಶುಕ್ರ ಸೂರ್ಯನಿಗಿಂತ ದೂರವಾಗಿಬಿಟ್ಟಿರುವುದನ್ನು ಗಮನಿಸಿ, ಗುಟ್ಟೆಲ್ಲ ಅಲ್ಲಿದೆ. ಬುಧನ ಕಕ್ಷೆ ಚಿಕ್ಕದು, ಅದು ಎಷ್ಟು ದೂರ ಸರಿದರೂ 1ರ ಆಸುಪಾಸಿನಲ್ಲೇ ಇರುತ್ತದೆ.

ಹಲವರು ಅತಿ ಹತ್ತಿರದ ಮತ್ತು ಅತಿ ದೂರದ ಬೆಲೆಗಳನ್ನು ಕೂಡಿ ಎರಡರಿಂದ ಭಾಗಿಸುತ್ತಾರೆ. ಹಾಗೆ ಮಾಡಿದರೆ ಬುಧನಿಗೂ ಶುಕ್ರನಿಗೂ ಸರಿಯಾಗಿ 1 ಬರುತ್ತದೆ, ವ್ಯತ್ಯಾಸವೇ ಅಳಿಸಿಹೋಗುತ್ತದೆ. ನಿಜವಾದ ಕಕ್ಷೆಗಳಿಗೆ ಲೆಕ್ಕ ಬೇಕಿದ್ದರೆ ನಾಸಾದ 'ಹೊರೈಜನ್ಸ್' ಸೇವೆಯಿಂದ ದಿನದಿನದ ದೂರ ಪಡೆದು ಸರಾಸರಿ ತೆಗೆಯಿರಿ. ಒಂದೇ ವರ್ಷದ ಅಂಕಿಗಳು ಸಾಲವು. ಭೂಮಿ–ಶುಕ್ರರ ಸುತ್ತು ಮರುಕಳಿಸಲು ಸುಮಾರು 584 ದಿನ ಬೇಕು. 8 ವರ್ಷ ತೆಗೆದುಕೊಂಡರೆ ಬಹುಮಟ್ಟಿಗೆ ಐದು ಪೂರ್ಣ ಸುತ್ತುಗಳಾಗುತ್ತವೆ.

ಪ್ರಶ್ನೆ: ಚಂದ್ರನ ಸರಾಸರಿ ದೂರ ಒಂದು ಕಡೆ 3,84,400, ಇನ್ನೊಂದು ಕಡೆ 3,85,000 ಕಿ.ಮೀ. ಎಂದಿದೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಮೊದಲನೆಯದು ದೀರ್ಘವೃತ್ತದ ಉದ್ದನೆಯ ಅಕ್ಷದ ಅರ್ಧ. ಎರಡನೆಯದು ಕಾಲದ ಮೇಲಿನ ಸರಾಸರಿ. ದೂರದಲ್ಲಿದ್ದಾಗ ಚಂದ್ರ ನಿಧಾನವಾಗಿ ಚಲಿಸುವುದರಿಂದ ಅಲ್ಲೇ ಹೆಚ್ಚು ಹೊತ್ತು ಕಳೆಯುತ್ತದೆ, ಸರಾಸರಿ ಮೇಲೇರುತ್ತದೆ. ಉತ್ಕೇಂದ್ರತೆಯ (ಕಕ್ಷೆಯ ಆಕಾರ ವೃತ್ತದಿಂದ ಎಷ್ಟು ಬೇರೆಯಾಗಿದೆ ಎಂಬುದರ ಅಳತೆ) ವರ್ಗದ ಅರ್ಧಕ್ಕೆ 1 ಕೂಡಿಸಿ, ಅದರಿಂದ ಅರ್ಧ ಅಕ್ಷವನ್ನು ಗುಣಿಸಿ. ಚಂದ್ರನ ಉತ್ಕೇಂದ್ರತೆ 0.055, ಆದ್ದರಿಂದ ಸುಮಾರು 3,84,980 ಬರುತ್ತದೆ. ಉಳಿದ ಸುಮಾರು ಇಪ್ಪತ್ತು ಕಿ.ಮೀ. ಸೂರ್ಯನ ಸೆಳೆತದಿಂದ ಹಾದಿಯಲ್ಲಾಗುವ ಏರುಪೇರಿನ ಪಾಲು.

ಹ್ಯಾಲಿ ಧೂಮಕೇತುವಿನಲ್ಲಿ ಈ ಅಂತರ ಬೆರಗು ಹುಟ್ಟಿಸುವಷ್ಟಿದೆ. ಅದರ ಅರ್ಧ ಅಕ್ಷ ಸೂರ್ಯ–ಭೂಮಿ ದೂರದ 17.8 ಪಟ್ಟು, ಉತ್ಕೇಂದ್ರತೆ 0.967. ಕಾಲದ ಮೇಲೆ ಸರಾಸರಿ ತೆಗೆದರೆ ಸೂರ್ಯನಿಂದ ಸುಮಾರು 26 ಪಟ್ಟು ದೂರ, ಸೂರ್ಯನ ಸುತ್ತ ಸಮ ಕೋನಗಳಲ್ಲಿ ಅಳೆದು ತೆಗೆದರೆ ಬರೀ 4.5 ಪಟ್ಟು. ಹೀಗಾಗಿ ಯಾವುದರ ಮೇಲೆ ಸರಾಸರಿ ತೆಗೆದದ್ದೆಂದು ಅಂಕಿಯ ಪಕ್ಕದಲ್ಲೇ ಬರೆಯಬೇಕು.