ರಿಪೋರ್ಟ್ ನಾರ್ಮಲ್, ಮಂಡಿ ನೋವು ಹಾಗೇ ಇದೆ

ಓದುಗರ ಪತ್ರ: ನಮ್ಮ ತಾಯಿಗೆ 58 ವರ್ಷ. ಮೆಟ್ಟಿಲು ಇಳಿಯುವಾಗ ಮಂಡಿ ನೋವು, ಬೆಳಿಗ್ಗೆ ಹತ್ತು ನಿಮಿಷ ಬಿಗಿತ. ಲ್ಯಾಬಿನಲ್ಲಿ ಸಂಧಿವಾತದ ಪ್ಯಾಕೇಜ್ ಮಾಡಿಸಿದೆವು. ಆರ್‌ಎ ಫ್ಯಾಕ್ಟರ್ ನೆಗೆಟಿವ್, ಯೂರಿಕ್ ಆಸಿಡ್ ನಾರ್ಮಲ್. ‘ಏನೂ ಇಲ್ಲ’ ಅಂದರು. ರಕ್ತದ ಅಮೈನೊ ಆಮ್ಲಗಳಿಂದ ಮಂಡಿ ಸವೆತ ಪತ್ತೆಯಾಗುತ್ತದೆ ಎಂದು ಎಲ್ಲೋ ಓದಿದೆ. ಅದನ್ನು ಮಾಡಿಸಬೇಕೆ?

ಸಂಪಾದಕರ ಉತ್ತರ: ಬೇಡ. ಆದರೆ ‘ಏನೂ ಇಲ್ಲ’ ಎಂಬ ಮಾತನ್ನೂ ಒಪ್ಪಬೇಡಿ. ಆ ಪ್ಯಾಕೇಜ್ ಹುಡುಕಿದ್ದು ರುಮಟಾಯ್ಡ್ ಮತ್ತು ಗೌಟ್ ಎಂಬ ಬೇರೆ ಕಾಯಿಲೆಗಳನ್ನು. ಮಂಡಿ ಸವೆತದಲ್ಲಿ, ಅಂದರೆ ಆಸ್ಟಿಯೋಆರ್ಥ್ರೈಟಿಸ್‌ನಲ್ಲಿ, ಆ ಅಂಕಿಗಳು ಸಾಮಾನ್ಯವಾಗಿ ನಾರ್ಮಲ್ಲೇ ಇರುತ್ತವೆ. ವಯಸ್ಸು 45 ದಾಟಿ, ಓಡಾಡಿದಾಗ ನೋವಿದ್ದು, ಬೆಳಗಿನ ಬಿಗಿತ ಅರ್ಧ ಗಂಟೆ ಮೀರದಿದ್ದರೆ ಎಕ್ಸ್‌ರೇ ಕೂಡ ಇಲ್ಲದೆ ರೋಗ ಗುರುತಿಸಬಹುದು ಎನ್ನುತ್ತದೆ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ. ನಿಮ್ಮ ತಾಯಿಯವರ ಲಕ್ಷಣಗಳು ಇದಕ್ಕೆ ಹೊಂದುತ್ತವೆ. ಮಂಡಿ ಬಿಸಿಯಾಗಿ ಊದಿಕೊಂಡರೆ, ಜ್ವರ ಬಂದರೆ, ಬಿಗಿತ ಗಂಟೆಗಟ್ಟಲೆ ಇದ್ದರೆ ಮಾತ್ರ ಲೆಕ್ಕ ಬೇರೆ. ತಡಮಾಡದೆ ವೈದ್ಯರಿಗೆ ತೋರಿಸಿ.

ನೀವು ಓದಿದ ಸಂಶೋಧನೆ ನಿಜವಾದದ್ದೇ. ಮಂಡಿ ಸವೆತ ಇರುವವರ ಸೀರಮ್‌ನಲ್ಲಿ, ಅಂದರೆ ರಕ್ತಕಣ ತೆಗೆದ ತಿಳಿದ್ರವದಲ್ಲಿ, ಹಿಸ್ಟಿಡಿನ್ ಎಂಬ ಅಮೈನೊ ಆಮ್ಲಕ್ಕೆ ಹೋಲಿಸಿದರೆ ವ್ಯಾಲಿನ್, ಲ್ಯೂಸಿನ್ ಎಂಬ ಅಮೈನೊ ಆಮ್ಲಗಳು ಹೆಚ್ಚಿರುವುದು ಬ್ರಿಟನ್ನಿನ ಮಹಿಳೆಯರಲ್ಲಿ ಕಂಡುಬಂದಿದ್ದು 2010ರಲ್ಲಿ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ತಂಡ ಮುಂದೆ ಇಂಥ ರೋಗಿಗಳಲ್ಲಿ ಆರ್ಜಿನಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಕಡಿಮೆ ಇರುವುದನ್ನು ಗುರುತಿಸಿತು. ಮಂಡಿ ಸವೆತ ಬರೀ ವಯಸ್ಸಿನ ಸವಕಳಿಯಲ್ಲ, ಇಡೀ ದೇಹದ ಚಯಾಪಚಯವೂ ಅದರಲ್ಲಿ ಸೇರಿದೆ ಎಂಬುದಕ್ಕೆ ಇವು ಒಳ್ಳೆಯ ಸುಳಿವು. ತೂಕ ಹೆಚ್ಚಿರುವವರಲ್ಲಿ ಭಾರ ಹೊರದ ಬೆರಳ ಕೀಲುಗಳೂ ಸವೆಯುವುದನ್ನು ನೋಡಿ: ಕೊಬ್ಬಿನ ಅಂಗಾಂಶದಿಂದ ಬರುವ ಲೆಪ್ಟಿನ್‌ನಂಥ ವಸ್ತುಗಳ ಮೇಲೆ ಅನುಮಾನ ಬಂದಿದ್ದೇ ಅಲ್ಲಿಂದ.

ತೊಡಕೂ ಅಲ್ಲೇ ಇದೆ. ವ್ಯಾಲಿನ್, ಲ್ಯೂಸಿನ್‌ಗಳು ಬೊಜ್ಜಿನಲ್ಲೂ ಸಕ್ಕರೆ ಕಾಯಿಲೆಯಲ್ಲೂ ಏರುತ್ತವೆ. ಸಾವಿರ ಜನರ ಸರಾಸರಿಯಲ್ಲಿ ಎದ್ದು ಕಾಣುವ ವ್ಯತ್ಯಾಸ ಒಬ್ಬರ ರಿಪೋರ್ಟಿನಲ್ಲಿ ಏನನ್ನೂ ಹೇಳದಿರಬಹುದು, ಏಕೆಂದರೆ ರೋಗವಿದ್ದವರ ಮತ್ತು ಇಲ್ಲದವರ ಅಂಕಿಗಳು ಒಂದರ ಮೇಲೊಂದು ಬೀಳುತ್ತವೆ. ಸಾಲದ್ದಕ್ಕೆ ರಕ್ತ ತೆಗೆಯುವ ರೀತಿಯೇ ಉತ್ತರವನ್ನು ಬದಲಿಸಿಬಿಡುತ್ತದೆ. ಕೆಂಪು ರಕ್ತಕಣದೊಳಗೆ ಆರ್ಜಿನೇಸ್ ಎಂಬ ಕಿಣ್ವವಿದೆ. ಸೂಜಿಯಲ್ಲಿ ಜೋರಾಗಿ ಎಳೆದೋ ಟ್ಯೂಬ್ ಕುಲುಕಿಯೋ ಕಣಗಳು ಒಡೆದರೆ ಅದು ಹೊರಬಂದು ಆರ್ಜಿನಿನ್ನನ್ನು ಆರ್ನಿಥಿನ್ ಎಂಬ ಬೇರೆ ಅಮೈನೊ ಆಮ್ಲವಾಗಿ ಮಾಡುತ್ತದೆ. ಮಂಡಿಗೆ ಏನೂ ಆಗಿರದಿದ್ದರೂ ಆರ್ಜಿನಿನ್ ಕಡಿಮೆ ಎಂದೇ ರಿಪೋರ್ಟ್ ಬರುತ್ತದೆ. ಆದ್ದರಿಂದ ಸಂಶೋಧಕರು ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದು, ಬೇಗನೆ ಕಣಗಳಿಂದ ಬೇರ್ಪಡಿಸಿ, ಮೈನಸ್ 80 ಡಿಗ್ರಿಯಲ್ಲಿ ಇಡುತ್ತಾರೆ.

ಕೀಲಿನ ಮೂಳೆತುದಿಗಳನ್ನು ಹೊದ್ದಿರುವ ಮೃದ್ವಸ್ಥಿಯ ಚೂರುಗಳನ್ನೇ ಅಳೆಯುವ ಪರೀಕ್ಷೆಗಳಿಗೂ ಇಂಥದೇ ಕಷ್ಟ. ಕಾಂಪ್ ಎಂಬ ಪ್ರೋಟೀನ್ ನಡೆದಾಡಿದರೆ ಸಾಕು, ಏರುತ್ತದೆ. ರಕ್ತ ಕೊಡುವ ಮುಂಚೆ ಅರ್ಧ ಗಂಟೆ ಕೂತಿರಬೇಕು. ಮೂತ್ರದಲ್ಲಿ ಸಿಗುವ ಸಿಟಿಎಕ್ಸ್-2, ಅಂದರೆ ಮೃದ್ವಸ್ಥಿಯ ಕೊಲಾಜನ್ ಎಂಬ ಪ್ರೋಟೀನಿನ ಚೂರು, ಇವುಗಳಲ್ಲಿ ಹೆಚ್ಚು ಅಧ್ಯಯನವಾದದ್ದು, ಅದನ್ನು ಮೂತ್ರದಲ್ಲೇ ಇರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣದಿಂದ ಭಾಗಿಸಿ ಲೆಕ್ಕ ಹಾಕುತ್ತಾರೆ. ಸವೆತ ಯಾರಲ್ಲಿ ಮುಂದುವರಿಯಬಹುದು ಎಂದು ಅಧ್ಯಯನಗಳಲ್ಲಿ ಅಂದಾಜಿಸಲು ಅದು ಉಪಯೋಗಕ್ಕೆ ಬಂದಿದೆ. ಆದರೆ ಅದೇ ಕೊಲಾಜನ್ ಬೆನ್ನುಮೂಳೆಯ ಡಿಸ್ಕಿನಲ್ಲೂ ಸೊಂಟದ ಕೀಲಿನಲ್ಲೂ ಇದೆ. ಚೂರು ಯಾವ ಕೀಲಿನದೆಂದು ಮೂತ್ರ ಹೇಳುವುದಿಲ್ಲ.

ಹಾಗಾಗಿ ಹಣವನ್ನು ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ), ಲಿಪಿಡ್ (ರಕ್ತದ ಕೊಬ್ಬು) ಪರೀಕ್ಷೆಗೆ ಹಾಕಿ, ಸೊಂಟದ ಸುತ್ತಳತೆ ಮನೆಯಲ್ಲೇ ನೋಡಿ. ಚಯಾಪಚಯದ ಸಂಗತಿಯಲ್ಲಿ ಇವತ್ತು ಕೈಯಲ್ಲಿ ಹಿಡಿದು ಏನಾದರೂ ಮಾಡಬಹುದಾದ ಅಂಕಿಗಳು ಇವೇ. ತೂಕ ಹೆಚ್ಚಿದ್ದರೆ ಒಂದು ಕಿಲೋ ಇಳಿಸಿದರೂ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋದಷ್ಟು ತಗ್ಗುತ್ತದೆ. ಅಮೆರಿಕದಲ್ಲಿ 18 ತಿಂಗಳು ನಡೆದ ಐಡಿಯಾ ಎಂಬ ಪ್ರಯೋಗದಲ್ಲಿ ಆಹಾರ ನಿಯಂತ್ರಣ, ವ್ಯಾಯಾಮ ಎರಡನ್ನೂ ಮಾಡಿದವರಿಗೆ ಬರೀ ವ್ಯಾಯಾಮ ಮಾಡಿದವರಿಗಿಂತ ನೋವು ಕಡಿಮೆಯಾಯಿತು, ಉರಿಯೂತದ ಸೂಚಕ ಐಎಲ್-6 ಕೂಡ ಇಳಿಯಿತು. ತೊಡೆಯ ಮುಂಭಾಗದ ಸ್ನಾಯುವಿಗೆ ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಐದು ಸೆಕೆಂಡ್ ಹಿಡಿಯುವುದು, ಒಂದೊಂದು ಕಾಲಿಗೆ ಹತ್ತು ಸಲ, ಒಳ್ಳೆಯ ಆರಂಭ.

ವೈದ್ಯರು ಎಕ್ಸ್‌ರೇ ಹೇಳಿದರೆ ನಿಂತೇ ತೆಗೆಸಿ. ಮಲಗಿ ತೆಗೆದರೆ ಕೀಲಿನ ಸಂದು ಕಿರಿದಾಗಿರುವುದು ಮರೆಯಾಗಬಹುದು. ತಾಯಿಯವರು ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆಯನ್ನು ದಿನವೂ ನುಂಗುತ್ತಿದ್ದರೆ ಮೂತ್ರಪಿಂಡದ ಸ್ಥಿತಿ ತೋರಿಸುವ ರಕ್ತದ ಕ್ರಿಯಾಟಿನಿನ್ ಮತ್ತು ಬಿಪಿಯನ್ನು ಈ ವಾರವೇ ನೋಡಿಸಿ.